ಕುದುರೆ ಇಂಜೆಕ್ಷನ್ನು ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ

ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಹಿಡಿದು ಬಂದವರು, ಕೆಲಸ ಮುಗಿದರೂ ಬೇರೆ ಗಿರಾಕಿ ಹೋಗುವ ತನಕ ಅಲ್ಲೇ ನಿಂತಿದ್ದರೆ ನನಗೆ ಗೊತ್ತಾಗಿಬಿಡುತ್ತದೆ. "ಅಕ್ಕಾ, ನಮ್ಮನೆಯವ್ರಿಗಲ್ಲ, ಗೊತ್ತಿದ್ದೋರೊಬ್ರಿಗೆ. ಆ ಕೆಟಮಿನ್ ಅಂತಾರಲ್ಲ, ಇಲ್ಲೆಲ್ಲಾದ್ರೂ ಕೊಡ್ತಾರಾ?" ದನಿ ಮಾತ್ರ ಗಾಂಜಾ ಕೇಳುವವರದ್ದು.

ಒಂದೇ ಸಲ ಬರೆದು ಹಾಕುತ್ತೇನೆ, ಇನ್ನು ಕೇಳಬೇಡಿ. ನಾನು ಹುಡುಕಿದಾಗ ಮದ್ದು ನಮ್ಮೂರಲ್ಲೇ ಇತ್ತು. ಖಿನ್ನತೆಗೆ ಅಂತ ಕೊಡುವವರು ಇರಲಿಲ್ಲ.

ಕೆಟಮಿನ್ ಅರಿವಳಿಕೆ ಮದ್ದು, 1970ರಿಂದ ಆಪರೇಷನ್‌ಗೆ ಬಳಸುತ್ತಿದ್ದಾರೆ. ದನದ ಡಾಕ್ಟರೂ ಬಳಸುತ್ತಾರೆ. ನಮ್ಮ ಭಾವನವರು ಒಂದು ಉಪನಯನದ ಪಂಕ್ತಿಯಲ್ಲಿ, "ಕುದುರೆ ಇಂಜೆಕ್ಷನ್ ತಗೊಂಡ್ಯಂತೆ?" ಅಂತ ಹತ್ತು ಎಲೆಯಾಚೆಯಿಂದ ಕೂಗಿದರು. "ಹೌದು, ನಿಮ್ಮ ಹರ್ನಿಯಾಕ್ಕೂ ಅದನ್ನೇ ಕೊಟ್ಟಿರಬಹುದು, ವಿಚಾರಿಸಿ" ಅಂದೆ. ಆಮೇಲೆ ಪಾಯಸ ಬರುವವರೆಗೂ ಅವರು ಮಾತಾಡಲಿಲ್ಲ.

ಖಿನ್ನತೆಗೆ ಎರಡು ಬಗೆಯ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ನನಗೆ ಹಿಡಿಯಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ಡಾಕ್ಟರು ಈ ಹೆಸರು ಹೇಳಿದರು, ಬೆಂಗಳೂರಿಗೆ ಹೋಗಿ ಅಂದರು. ಬೆಂಗಳೂರು ಯಾಕೆ ಅಂತ ನಾನು ಇಲ್ಲಿಯದೇ ಒಂದು ನರ್ಸಿಂಗ್ ಹೋಮಿನ ಅರಿವಳಿಕೆ ಡಾಕ್ಟರ ಹತ್ತಿರ ಹೋದೆ. "ಬಾಟಲಿ ನನ್ನ ಕಪಾಟಲ್ಲೇ ಇದೆಯಮ್ಮ, ಬೀಗ ಹಾಕಿಟ್ಟಿದ್ದೀನಿ. ಕಾಲು ಮುರಿದ್ರೆ ಬಾ" ಅಂದರು.

ಮೈಯೆಲ್ಲ ಉರಿದುಹೋಯಿತು. ಈಗ ನೋಡಿದರೆ ಅವರು ಹೇಳಿದ್ದು ಸರಿ. 2013ರಿಂದ ಇದು ಷೆಡ್ಯೂಲ್ ಎಕ್ಸ್ ಅನ್ನುವ, ಬಿಗಿ ಕಟ್ಟುಪಾಡಿನ ಮದ್ದುಗಳ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲ್ಲಿನವರು ಎರಡು ವರ್ಷ ಜೋಪಾನ ಮಾಡಬೇಕು. (ಎರಡು ಪ್ರತಿ ಅಂದಾಗ ಮಾತ್ರ ಇದು ನನ್ನ ಕಸುಬಿನ ವಿಷಯ ಅನ್ನಿಸಿತು.) ಖಿನ್ನತೆಗೆ ಕೊಡುವುದು ಸಾಮಾನ್ಯವಾಗಿ ತೂಕದ ಒಂದೊಂದು ಕೆಜಿಗೆ ಅರ್ಧ ಮಿಲಿಗ್ರಾಂ, 40 ನಿಮಿಷದ ಡ್ರಿಪ್. ಬಿಪಿ ಏರುತ್ತದೆ. ನಿಮ್ಮ ಕೈ ನಿಮ್ಮದಲ್ಲ ಅನ್ನಿಸುತ್ತದೆ. ನೋಡಿಕೊಳ್ಳುವವರು ಪಕ್ಕದಲ್ಲೇ ಇರಬೇಕು. ಒಂದು ಸಲದ ಗುಣ ವಾರ, ಹದಿನೈದು ದಿನಕ್ಕೆ ಇಳಿಯುತ್ತದೆ ಅಂತ ನನಗೆ ಬೆಂಗಳೂರಲ್ಲಿ ವಾರಕ್ಕೆರಡರಂತೆ ಆರು ಸಲ ಕೊಟ್ಟರು.

"ಗುಣ ಆಯ್ತಾ?" ಮೂರನೇ ಡ್ರಿಪ್ಪಿನ ಮರುದಿನ ಯಾರೂ ಹೇಳದೆ ಎದ್ದು ಹಲ್ಲುಜ್ಜಿದೆ. ಮಾತ್ರೆ ಈಗಲೂ ಇದೆ. ಇನ್ನೊಂದು ಸುತ್ತು ಹೋಗಿಬಂದೆ. ಇಷ್ಟೇ. ನಿಮ್ಮ "ಗೊತ್ತಿದ್ದೋರು" ಮೊದಲು ಮಂಗಳವಾರದ ಸಾಲಲ್ಲಿ ನಿಲ್ಲಲಿ. ರಾತ್ರಿ ತೀರಾ ಕಷ್ಟವಾದರೆ ನನ್ನ ಅಂಗಡಿ ಮುಚ್ಚಿರುತ್ತದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ತೆರೆದಿರುತ್ತದೆ.

ಇಷ್ಟು ಜನ ಕೇಳಿದರಲ್ಲ, ಜೊತೆಗೆ ಯಾರು ಹೋಗಿದ್ದರು ಅಂತ ಒಬ್ಬರೂ ಕೇಳಲಿಲ್ಲ. ಜೊತೆಗೆ ಯಾರಾದರೂ ಇಲ್ಲದೆ ಆಸ್ಪತ್ರೆಯವರು ಸೂಜಿ ಮುಟ್ಟುವುದಿಲ್ಲ. ಆವತ್ತಿಡೀ ಗಾಡಿ ಓಡಿಸುವ ಹಾಗಿಲ್ಲ. ಮೊದಲನೇ ಸಲ ನಮ್ಮನೆಯವರು ತಾಳಗುಪ್ಪದ ರೈಲಲ್ಲಿ ಬಂದಿದ್ದರು, ಆಮೇಲೆ ಅಡಿಕೆ ಕೊಯ್ಲು ಶುರುವಾಯಿತು. ಉಳಿದ ಐದು ಸಲ ಮಲ್ಲೇಶ್ವರದ ಚಿಕ್ಕಮ್ಮ. ಅವಳಿಗೆ ಕೆಟಮಿನ್ ಅನ್ನಲು ಬಾಯಿ ಹೊರಳದು, "ಕೆಟ್ಟಮೀನು" ಅನ್ನುತ್ತಾಳೆ. ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ದಿನಾ ಬೆಳಿಗ್ಗೆ, "ಇವತ್ತು ಕೆಟ್ಟಮೀನು ಉಂಟೇನೆ?"

ಡ್ರಿಪ್ ಮುಗಿಸಿ ಹೊರಗೆ ಬಂದರೆ ಬೆಂಚಿನ ಮೇಲೆ ಹತ್ತಿ ಹರವಿಕೊಂಡು ಬತ್ತಿ ಹೊಸೆಯುತ್ತಿರುತ್ತಿದ್ದಳು. ಲಕ್ಷಬತ್ತಿಯ ಹರಕೆ ಇತ್ತಂತೆ, ಯಾರ ಹೆಸರಲ್ಲಿ ಅಂತ ನಾನು ಕೇಳಲಿಲ್ಲ. ಕೊನೆಯ ದಿನ ಆಟೋದಲ್ಲಿ ಬತ್ತಿಯ ಚೀಲ ಅಲ್ಲಾಡಿಸಿ ತೋರಿಸಿದಳು.

"ನಿನ್ನ ಕೆಟ್ಟಮೀನಿನ ದೆಸೆಯಿಂದ ಎರಡು ಸಾವಿರ ಆಯ್ತು ನೋಡು."