ಮಾನ್‌ಸ್ಟರ್ ಜಾಮ್‌ಗೆ ಮನೆಮಂದಿಯೆಲ್ಲ ಹೊರಡುವ ಮುನ್ನ

ಮಾನ್‌ಸ್ಟರ್ ಜಾಮ್ ಎಂದರೆ ಆಳೆತ್ತರದ ಚಕ್ರದ ದೈತ್ಯ ಟ್ರಕ್‌ಗಳು ಮಣ್ಣಿನ ಮೈದಾನದಲ್ಲಿ ಓಡಿ, ಹಾರಿ ಸಾಹಸ ತೋರಿಸುವ ಶೋ. ಅಮೆರಿಕದಲ್ಲಿ ಇದು ಎರಡು ಬಗೆಯ ಜಾಗಗಳಲ್ಲಿ ನಡೆಯುತ್ತದೆ. ಒಂದು ಸೂರಿರುವ ಅರೀನಾ, ಇನ್ನೊಂದು ದೊಡ್ಡ ಸ್ಟೇಡಿಯಂ. ಟಿಕೆಟ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ. ಅರೀನಾದಲ್ಲಿ ಟ್ರಕ್‌ಗಳು ಹತ್ತಿರ ಕಾಣುತ್ತವೆ, ಆದರೆ ಸದ್ದೂ ಹೊಗೆಯೂ ಒಳಗೇ ಸುತ್ತುತ್ತವೆ. ಸ್ಟೇಡಿಯಂನಲ್ಲಿ ಓಡಲು ಜಾಗ ಹೆಚ್ಚು, ಹಾರಾಟವೂ ಎತ್ತರ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ಸ್ಟೇಡಿಯಂ ಶೋ ವಾಸಿ. ಜನವರಿ, ಫೆಬ್ರವರಿಯ ಬಯಲು ಸ್ಟೇಡಿಯಂನಲ್ಲಿ ಸೂರ್ಯ ಮುಳುಗಿದ ಮೇಲೆ ಕುರ್ಚಿಯೇ ಕೊರೆಯುತ್ತದೆ. ಊರಿಂದ ಬಂದ ಅಜ್ಜಿ ತಾತನಿಗೆ ಶಾಲು ಸಾಲದು, ಕಂಬಳಿಯನ್ನೇ ಒಯ್ಯಿರಿ. ಮಳೆಗೆ ರೇನ್‌ಕೋಟ್ ಇರಲಿ, ಛತ್ರಿಯನ್ನು ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ.

ಮುಂದಿನ ಸಾಲಿಗೆ ದುಡ್ಡು ಸುರಿಯಬೇಡಿ. ಕೆಳಗೆ ಕೂತರೆ ಮಣ್ಣಿನ ದಿಬ್ಬದಾಚೆ ಇಳಿದ ಟ್ರಕ್ ಕಾಣುವುದೇ ಇಲ್ಲ. ಚಕ್ರದಿಂದ ಎದ್ದ ಮಣ್ಣು ಮಾತ್ರ ತಪ್ಪದೆ ಪಾಪ್‌ಕಾರ್ನ್‌ಗೆ ಬಂದು ಬೀಳುತ್ತದೆ. ಮೈದಾನದ ನಡುಭಾಗಕ್ಕೆ ನೇರವಾಗಿ, ಅರ್ಧ ಎತ್ತರದಲ್ಲಿರುವ ಸೀಟು ಒಳ್ಳೆಯದು. ಮಕ್ಕಳಿದ್ದರೆ ಸಾಲಿನ ತುದಿಯ ಸೀಟು ಹಿಡಿಯಿರಿ, ಬಾತ್‌ರೂಮಿಗೆ ಹೋಗಿಬರುವುದು ಇದ್ದೇ ಇರುತ್ತದೆ.

ಅಲ್ಲಿ ಉಳಿದ ದುಡ್ಡನ್ನು ಪಿಟ್ ಪಾರ್ಟಿಗೆ, ಅಂದರೆ ಟ್ರಕ್‌ಗಳನ್ನು ಹತ್ತಿರದಿಂದ ನೋಡುವ ಅವಕಾಶಕ್ಕೆ ಹಾಕಿ. ಶೋಗೆ ಕೆಲವು ಗಂಟೆ ಮೊದಲು ಟ್ರಕ್‌ಗಳ ಪಕ್ಕಕ್ಕೇ ಬಿಡುತ್ತಾರೆ, ಡ್ರೈವರುಗಳು ಸಹಿ ಹಾಕಿಕೊಡುತ್ತಾರೆ. ಇಲ್ಲೇ ಹಲವರು ಎಡವುವುದು: ಪಿಟ್ ಪಾಸ್ ಬೇರೆ, ಶೋ ಟಿಕೆಟ್ ಬೇರೆ. ಒಬ್ಬೊಬ್ಬರಿಗೂ ಎರಡೂ ಬೇಕು. ಮಗುವಿಗೆ ಟಿಕೆಟ್ ಎಷ್ಟನೇ ವಯಸ್ಸಿನಿಂದ ಎಂಬುದನ್ನು ಕೊಳ್ಳುವ ಪುಟದಲ್ಲೇ ನೋಡಿಬಿಡಿ. ಗ್ರೇವ್ ಡಿಗ್ಗರ್ ಎಂಬ ಹೆಸರಾಂತ ಟ್ರಕ್ಕಿನ ಮುಂದೆ ನಿಲ್ಲುವ ಸಾಲು ಸಾಮಾನ್ಯವಾಗಿ ಉದ್ದ, ಗೇಟು ತೆರೆದ ಕೂಡಲೇ ಅಲ್ಲಿಗೆ ಹೋಗಿ.

ಪಿಟ್‌ನಲ್ಲಿ ಫೋಟೋ ತೆಗೆದು ಮುಂದೆ ಸಾಗಬೇಡಿ, ಬಗ್ಗಿ ಟ್ರಕ್ಕಿನ ಅಡಿಗೆ ನೋಡಿ. ಮೇಲಿನದು ಬರೀ ಫೈಬರ್‌ಗ್ಲಾಸ್ ಚಿಪ್ಪು, ಬಾಗಿಲು ಬಣ್ಣದಲ್ಲಿ ಬರೆದದ್ದು. ಡ್ರೈವರ್ ಹತ್ತುವುದು ಅಡಿಯಿಂದ, ಕೂರುವುದು ನಟ್ಟನಡುವೆ. ಮುಂದಿನ ಚಕ್ರ ತಿರುಗಿಸಲು ಸ್ಟೀರಿಂಗ್, ಹಿಂದಿನದಕ್ಕೆ ಬೇರೆಯೇ ಒಂದು ಸ್ವಿಚ್. ನಿಂತಲ್ಲೇ ಬುಗುರಿಯಂತೆ ಸುತ್ತುವ ಗುಟ್ಟು ಅದರಲ್ಲಿದೆ. ಟ್ರಕ್ಕಿನ ತೂಕ ಸುಮಾರು 5,400 ಕಿಲೋ. ಮೆಥನಾಲ್ ಕುಡಿಯುವ ಇಂಜಿನ್ನಿನ ಶಕ್ತಿ ಹತ್ತಿರ ಹತ್ತಿರ 1,500 ಅಶ್ವಶಕ್ತಿ. ಟೈರು 66 ಇಂಚು ಎತ್ತರ, ಅದರ ಮೇಲಿನ ಬಿಕೆಟಿ ಎಂಬ ಹೆಸರು ನಮ್ಮ ಮುಂಬೈ ಮೂಲದ ಬಾಲಕೃಷ್ಣ ಇಂಡಸ್ಟ್ರೀಸಿನದು. ತಾತನಿಗೆ ತೋರಿಸಿ, ಖುಷಿಪಡುತ್ತಾರೆ.

ಇನ್ನು ಕಿವಿಯ ವಿಷಯ. ಇದರಲ್ಲಿ ರಾಜಿ ಬೇಡ. ಮಕ್ಕಳಿಗೆ ತಲೆಯ ಅಳತೆಗೆ ಕೂರುವ ಇಯರ್‌ಮಫ್ ಬೇಕು, ಪೊಟ್ಟಣದ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗುತ್ತದೆ ಎಂಬ ಅಂಕಿ) 22ರಿಂದ 25 ಇರುವಂಥದ್ದು ನೋಡಿ. ಹಾಡು ಕೇಳುವ ಹೆಡ್‌ಫೋನ್ ಇದಕ್ಕೆ ಆಗದು. ಕೊಂಡದ್ದನ್ನು ಶೋ ದಿನವೇ ಹೊರಗೆ ತೆಗೆದರೆ ಮಗು ಕಿತ್ತೆಸೆಯುತ್ತದೆ. ಒಂದು ವಾರ ಮೊದಲಿನಿಂದ ಮಿಕ್ಸಿ ಹಾಕುವಾಗ, ವ್ಯಾಕ್ಯೂಮ್ ಮಾಡುವಾಗ ಹಾಕಿಸಿ ರೂಢಿ ಮಾಡಿಸಿ. ಝುಮುಕಿ, ದಪ್ಪ ಟೋಪಿ, ಕನ್ನಡಕದ ಕಡ್ಡಿ ಇವು ಮಫ್‌ನ ಮೆತ್ತೆಗೆ ಅಡ್ಡ ಬಂದರೆ ಆ ಸಂದಿಯಲ್ಲೇ ಸದ್ದು ನುಗ್ಗುತ್ತದೆ. ಟೋಪಿ ಬೇಕಿದ್ದರೆ ಮಫ್ ಹಾಕಿದ ಮೇಲೆ ಅದರ ಮೇಲೆ ಹಾಕಿ. ದೊಡ್ಡವರಿಗೆ ಫೋಮ್ ಪ್ಲಗ್ ಸಾಕು: ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತಳ್ಳಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸುಮ್ಮನೆ ಕಿವಿಯ ಅಂಚಿಗೆ ಸಿಕ್ಕಿಸಿದರೆ ಉಪಯೋಗವಿಲ್ಲ. ಪುಟ್ಟ ಮಕ್ಕಳ ಕೈಗೆ ಅದನ್ನು ಕೊಡಬೇಡಿ, ನುಂಗಿಬಿಡುತ್ತಾರೆ.

ಊಟ ಕಾರಲ್ಲೇ ಮುಗಿಸಿ. ಒಳಗೆ ಹೋದ ಮೇಲೆ ಹೊರಬಂದು ಮತ್ತೆ ಹೋಗುವುದಕ್ಕೆ ಬಹುತೇಕ ಕಡೆ ಬಿಡುವುದಿಲ್ಲ. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ನಾಚೋಸ್, ಪ್ರೆಟ್ಜೆಲ್, ಫ್ರೈಸ್ ಇಷ್ಟೇ. ಚಿತ್ರಾನ್ನ, ಮೊಸರನ್ನ ಪಾರ್ಕಿಂಗಿನಲ್ಲೇ ಹೊಟ್ಟೆಗಿಳಿಯಲಿ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಸ್ಟೇಡಿಯಂ ಆದರೆ ಪಾರದರ್ಶಕ ಚೀಲವೇ ಆಗಬೇಕು, ಅಳತೆ 12×6×12 ಇಂಚು ಮೀರಬಾರದು. ಡಯಾಪರ್ ಚೀಲದ ನಿಯಮ ಒಂದೊಂದು ಕಡೆ ಒಂದೊಂದು ಥರ, ಮೊದಲೇ ವಿಚಾರಿಸಿ.

ಸಾಮಾನ್ಯವಾಗಿ ಮೊದಲು ರೇಸು, ಆಮೇಲೆ ಎರಡೇ ಚಕ್ರದ ಮೇಲಿನ ಸಾಹಸ, ಕೊನೆಗೆ ಫ್ರೀಸ್ಟೈಲ್, ಅಂದರೆ ಡ್ರೈವರ್ ತನಗೆ ತೋಚಿದಂತೆ ಮಾಡುವ ಸಾಹಸ. ಪಲ್ಟಿ, ಉರುಳಾಟ ಹೆಚ್ಚಾಗಿ ಈ ಕೊನೆಯ ಭಾಗದಲ್ಲೇ. ಆ ಹೊತ್ತಿಗೆ ಪುಟ್ಟ ಮಕ್ಕಳು ತೂಕಡಿಸುತ್ತಿರುತ್ತಾರೆ, ಹಾಗಾಗಿ ಮಧ್ಯಾಹ್ನ ಮಲಗಿಸಿಯೇ ಕರೆದೊಯ್ಯಿರಿ. ಅಂಕ ಕೊಡುವವರು ಪ್ರೇಕ್ಷಕರೇ, ಫೋನಿನಲ್ಲಿ. ಎಲ್ಲರೂ ಒಟ್ಟಿಗೆ ಒತ್ತಿದಾಗ ನೆಟ್‌ವರ್ಕ್ ಕೂರುತ್ತದೆ. ಶೋ ಶುರುವಾಗುವ ಮುಂಚೆಯೇ ಅಂಕ ಕೊಡುವ ವೆಬ್ ಪುಟ ತೆರೆದಿಟ್ಟುಕೊಳ್ಳಿ. ಟ್ರಕ್ ಮಗುಚಿ ಇಂಜಿನ್ ತಟ್ಟನೆ ನಿಂತರೆ ಗಾಬರಿ ಬೇಡ, ಅಪಾಯ ಕಂಡಾಗ ದೂರದಿಂದಲೇ ಇಂಜಿನ್ ಆರಿಸುವ ರಿಮೋಟ್ ಸಿಬ್ಬಂದಿಯ ಕೈಯಲ್ಲಿರುತ್ತದೆ.

ಪಾರ್ಕಿಂಗ್ ಮುಂಗಡ ಕೊಂಡುಕೊಳ್ಳಿ, ಕಾರು ನಿಲ್ಲಿಸಿದ ಕಂಬದ ಸಂಖ್ಯೆಯ ಫೋಟೋ ತೆಗೆದಿಡಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದವರಿಗೆ ಓಕ್ಲೆಂಡ್ ಕೊಲಿಸಿಯಂನಲ್ಲಿ ಶೋ ಸಿಕ್ಕಿದರೆ ಕಾರೇ ಬೇಡ, ಅಲ್ಲಿನ ಬಾರ್ಟ್ ರೈಲಿನ ನಿಲ್ದಾಣದಿಂದ ಕಾಲುಸೇತುವೆ ನೇರ ಅಲ್ಲಿಗೇ ಒಯ್ಯುತ್ತದೆ. ಕಾರಲ್ಲಿ ಹೋದವರು ಶೋ ಮುಗಿದೊಡನೆ ಓಡಬೇಡಿ. ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತು, ಮಕ್ಕಳನ್ನು ಬಾತ್‌ರೂಮಿಗೆ ಕರೆದೊಯ್ದು, ಜಾಕೆಟ್ಟು, ಮಫ್ಫು ಎಣಿಸಿಕೊಂಡು ಇಳಿದರೆ ಪಾರ್ಕಿಂಗಿನ ಸಾಲು ಅಷ್ಟರಲ್ಲಿ ಸಡಿಲಾಗಿರುತ್ತದೆ.