ಫ್ರಿಜ್‌ನಲ್ಲಿಟ್ಟ ಓಂಕಾಳಿನ ಎಣ್ಣೆ

ಮೈಕ್ರೋಬಯಾಲಜಿ ಲ್ಯಾಬ್‌ಗೆ ಸೇರಿದ ಹೊಸದರಲ್ಲಿ ನನಗೆ ಸಿಕ್ಕ ಕೆಲಸ, ಸುಗಂಧ ಎಣ್ಣೆಗಳಿಗೆ ಬ್ಯಾಕ್ಟೀರಿಯಾ ಬಗ್ಗುತ್ತವಾ ಅಂತ ನೋಡುವುದು. ಅಗರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥ ತುಂಬಿದ ತಟ್ಟೆ) ಮೇಲೆ ಸ್ಟಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸವರಿ, 6 ಮಿ.ಮೀ. ಕಾಗದದ ಡಿಸ್ಕಿಗೆ ಎಣ್ಣೆ ಹಾಕಿ ಇಡುತ್ತಿದ್ದೆ. 37 ಡಿಗ್ರಿಯಲ್ಲಿ ಒಂದು ರಾತ್ರಿ. ಬೆಳಿಗ್ಗೆ ಡಿಸ್ಕಿನ ಸುತ್ತ ಏನೂ ಬೆಳೆಯದ ವೃತ್ತವನ್ನು ಸ್ಕೇಲಿಟ್ಟು ಅಳೆಯುವುದು, ಅಷ್ಟೇ.

ಓಂಕಾಳಿನ ಎಣ್ಣೆ ಮೊದಲ ಸಲ 30 ಮಿ.ಮೀ. ಕೊಟ್ಟಿತು. ಮೂರು ವಾರ ಬಿಟ್ಟು ಅದೇ ಬಾಟಲಿಯಿಂದ ಹಾಕಿದರೆ 17! ಅಗರ್ ದಪ್ಪ ಆಯ್ತಾ, ಬ್ಯಾಕ್ಟೀರಿಯಾ ಜಾಸ್ತಿ ಸವರಿದೆನಾ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಸೀನಿಯರ್ ಮೇಡಂ ಬಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಕಲ್ಲುಸಕ್ಕರೆ ಥರ ಹರಳು.

"ಫ್ರಿಜ್‌ನಲ್ಲಿ ಇಟ್ಟಿದ್ಯಾ? ಮದ್ದೆಲ್ಲ ಕೆಳಗೆ ಕೂತಿದೆ, ನೀನು ಮೇಲಿನದನ್ನ ಹೀರಿದೀಯ."

ಹರಳು ಥೈಮಾಲ್. ಓಂಕಾಳಿನ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಥೈಮಾಲ್, ಪ್ಯಾರಾ-ಸೈಮೀನ್, ಗಾಮಾ-ಟರ್ಪಿನೀನ್. ಬ್ಯಾಕ್ಟೀರಿಯಾದ ಪೊರೆಯೊಳಗೆ ನುಗ್ಗಿ ಅದನ್ನು ಸೋರುವ ಹಾಗೆ ಮಾಡುವುದು ಹೆಚ್ಚಾಗಿ ಥೈಮಾಲ್. ಉಳಿದೆರಡು ಅಷ್ಟು ಜೋರಿಲ್ಲ. ಶುದ್ಧ ಥೈಮಾಲ್ ಕರಗುವುದೇ 50 ಡಿಗ್ರಿ ಹತ್ತಿರ, ಫ್ರಿಜ್‌ನಲ್ಲಿ ಹರಳುಗಟ್ಟದೆ ಇನ್ನೇನು? ಎಣ್ಣೆ ಆರಿಹೋಗದಿರಲಿ ಅಂತ ತಣ್ಣಗಿಟ್ಟವಳು ನಾನೇ. ಬಾಟಲಿಯನ್ನು ಬಿಸಿನೀರಲ್ಲಿಟ್ಟು, ಅಲ್ಲಾಡಿಸಿ ಮತ್ತೆ ಹಾಕಿದೆ. 29 ಬಂತು.

ಇನ್ನೊಂದು ಪೆಟ್ಟು ಮಜ್ಜಿಗೆ ಹುಲ್ಲಿನ ಎಣ್ಣೆಯಿಂದ. ಅದರಲ್ಲಿ ಸಿಟ್ರಾಲ್ ಜಾಸ್ತಿ, ಬೇಗ ಆವಿಯಾಗುತ್ತದೆ. ಅದೇ ಪ್ಲೇಟಿನಲ್ಲಿ ಎಣ್ಣೆಯನ್ನೇ ಹಾಕದ ಡಿಸ್ಕ್ ಸುತ್ತಲೂ ಖಾಲಿ ಜಾಗ! ಮುಚ್ಚಳ ತೆಗೆದರೆ ಗಮ್ಮಂತ ವಾಸನೆ. ಆವಿಯೇ ಪೂರ್ತಿ ಪ್ಲೇಟಿನ ಕೆಲಸ ಮುಗಿಸಿತ್ತು. ಆಮೇಲೆ ಒಂದು ಪ್ಲೇಟಿಗೆ ಒಂದೇ ಎಣ್ಣೆ, ಖಾಲಿ ಡಿಸ್ಕಿಗೆ ಬೇರೆ ಪ್ಲೇಟು.

ವೃತ್ತ ದೊಡ್ಡದಾದರೆ ಎಣ್ಣೆ ಜೋರು ಅಂತಲೂ ಅಲ್ಲ. ಅಗರ್ ಬಹುಪಾಲು ನೀರು, ಎಣ್ಣೆ ಅದರಲ್ಲಿ ಸರಿಯಾಗಿ ಹರಡಲ್ಲ. ಎರಡು ಎಣ್ಣೆ ಹೋಲಿಸಬೇಕಾದರೆ ಈಗ ಎಣ್ಣೆಯನ್ನು ನೀರಲ್ಲಿ ಬೆರೆಸುವ ಟ್ವೀನ್ 80 ಹಾಕಿ, ಬ್ಯಾಕ್ಟೀರಿಯಾ ಬೆಳೆಸುವ ದ್ರವವಾದ ಬ್ರಾತ್‌ನಲ್ಲೇ ನೋಡುತ್ತೇನೆ. ಇಲ್ಲದಿದ್ದರೆ ರಸದ ಮೇಲಿನ ಒಗ್ಗರಣೆ ಥರ ತೇಲುತ್ತಿರುತ್ತದೆ. ಪಕ್ಕದಲ್ಲಿ ಬರೀ ಟ್ವೀನ್ ಹಾಕಿದ ಟ್ಯೂಬೂ ಇರಬೇಕು, ಕೊಂದಿದ್ದು ಯಾರು ಅಂತ ಗೊತ್ತಾಗಬೇಕಲ್ವಾ?

ಅಂದಹಾಗೆ, ಸ್ಯೂಡೊಮೊನಾಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಮಾತ್ರ ಇದ್ಯಾವುದಕ್ಕೂ ಸುಲಭಕ್ಕೆ ಜಗ್ಗಲ್ಲ. ಅದಕ್ಕೆ ಹೊರಗೆ ಇನ್ನೊಂದು ಪೊರೆ ಇದೆ, ಒಳಗೆ ಬಂದದ್ದನ್ನು ಆಚೆ ತಳ್ಳುವ ಪಂಪುಗಳೂ ಇವೆ. ಮೊನ್ನೆಯೂ ಓಂಕಾಳಿನ ಎಣ್ಣೆ ಹಾಕಿದ ಡಿಸ್ಕಿನ ಅಂಚಿನವರೆಗೆ ಹಸಿರಾಗಿ ಬೆಳೆದು ಕೂತಿತ್ತು.