ತಾರಸಿ ಮೇಲೆ ಕಾರ್ಡಿಫ್ ಕೊಲ್ಲಿ: ಏಳನೇ ವಾರದ ಕೆಲಸ

ಕೊನೆಗೂ ನೀರು ನಿಂತಿತು. ಆರು ವಾರ ಸೋರಿದ ಮಾದರಿ ತೊಟ್ಟಿಯ ಮೂಲೆಗೆ ಎಂ-ಸೀಲ್ ಕಿತ್ತು ಹಾಕಿ, ಟಾರ್ ಕಾಯಿಸಿ ಹಚ್ಚಿದೆ. ಶನಿವಾರ ರಾತ್ರಿ ತುಂಬಿಸಿಟ್ಟ ನೀರು ಭಾನುವಾರ ಬೆಳಿಗ್ಗೆಯೂ ಪೆನ್ಸಿಲ್ ಗೆರೆ ಹತ್ತಿರವೇ ಇತ್ತು. ಅಂತರಗಂಗೆ ಬೆಟ್ಟದ ಮೇಲೆ ಬಿಸಿಲು ಬೀಳೋ ಹೊತ್ತಿಗೆ ನಾನು ತಾರಸಿಯಲ್ಲಿ ಕೂತು ಆ ಗೆರೆಯನ್ನೇ ನೋಡುತ್ತಿದ್ದೆ.

ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. ನಾನು ಕೋಲಾರದ ನಮ್ಮ ಮನೆ ತಾರಸಿ ಮೇಲೆ ವೇಲ್ಸ್ ದೇಶದ ಕಾರ್ಡಿಫ್ ಬೇ ಬ್ಯಾರೇಜಿನ (ಕೊಲ್ಲಿಗೆ ಅಡ್ಡ ಕಟ್ಟಿದ ಗೇಟಿನ ಕಟ್ಟೆ) ಓಡುವ ಮಾದರಿ ಕಟ್ಟುತ್ತಿದ್ದೇನೆ. ಪ್ಲೈವುಡ್ ತೊಟ್ಟಿ, ನಾಲ್ಕಡಿ ಉದ್ದ, ಎರಡಡಿ ಅಗಲ. ಅಸಲಿ ಬ್ಯಾರೇಜ್ 1.1 ಕಿಲೋಮೀಟರ್ ಉದ್ದ. ಕಾಮಗಾರಿ ಶುರುವಾಗಿದ್ದು 1994ರಲ್ಲಿ, ಮುಗಿದಿದ್ದು 1999ರಲ್ಲಿ. ಟಾಫ್ ಮತ್ತು ಈಲಿ ಎಂಬ ಎರಡು ನದಿಗಳ ಬಾಯಿಗೆ ಅಡ್ಡ ಕಟ್ಟಿ, ಸುಮಾರು 500 ಎಕರೆಯ ಸಿಹಿನೀರಿನ ಕೆರೆ ಮಾಡಿದ್ದಾರೆ. ಕಲ್ಲಿದ್ದಲು ಸಾಗಣೆ ನಿಂತು ಪಾಳು ಬಿದ್ದಿದ್ದ ಹಳೆ ಬಂದರಿಗೆ ಮತ್ತೆ ಜೀವ ಕೊಡೋದು ಉದ್ದೇಶ. ಅಲ್ಲಿ ಉಬ್ಬರ ಇಳಿತದ ಅಂತರ 14 ಮೀಟರ್‌ವರೆಗೆ ಹೋಗುತ್ತದೆ. ಇಳಿತದಲ್ಲಿ ಕೊಲ್ಲಿ ಪೂರ್ತಿ ಕೆಸರು ಕಾಣುತ್ತಿತ್ತು. ಕೆಸರಿನ ಎದುರು ಯಾರು ಮನೆ, ಆಫೀಸು ಕಟ್ಟುತ್ತಾರೆ ಅನ್ನೋದು ಯೋಜನೆ ಮಾಡಿದವರ ಲೆಕ್ಕ.

ನಮ್ಮ ಕೆರೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಏರಿ ಇದೆ, ಕೋಡಿ ಇದೆ. ಆದರೆ ನಮ್ಮ ಏರಿಗೆ ನೀರಿನ ಭಾರ ಒಂದೇ ಕಡೆಯಿಂದ. ಇಲ್ಲಿ ದಿನಕ್ಕೆ ಎರಡು ಸಲ ಸಮುದ್ರ ಆಚೆಯಿಂದಲೂ ಒತ್ತುತ್ತದೆ. ಉಬ್ಬರ ಬಂದಾಗ ಐದು ಗೇಟು ಮುಚ್ಚಬೇಕು, ಇಳಿದಾಗ ತೆಗೆದು ನದಿ ನೀರು ಬಿಡಬೇಕು. ನೀರುಗಂಟಿ ತೂಬು ನೋಡಿಕೊಂಡಂತೆ ಯಾರೋ ಸದಾ ನೋಡಿಕೊಳ್ಳುತ್ತಲೇ ಇರಬೇಕು. ನನ್ನ ಸಮುದ್ರ ಅಂದರೆ ರಾಟೆಗೆ ಕಟ್ಟಿದ ಬಕೆಟ್, ಒಂದು ಪೈಪು. ಬಕೆಟ್ ಏರಿಸಿದರೆ ಉಬ್ಬರ. ಗೇಟುಗಳು ಎಣ್ಣೆ ಡಬ್ಬದ ತಗಡು. ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಮೂರು ಲಾಕುಗಳನ್ನು ಸುಮ್ನೆ ಆಕಾರಕ್ಕೆ ಇಟ್ಟಿದ್ದೇನೆ, ಓಡುವುದಿಲ್ಲ.

ಈ ವಾರದ ನಿಜವಾದ ಕೆಲಸ ನೆಲದೊಳಗಿನ ನೀರಿನದು. ಇದಕ್ಕಾಗಿಯೇ ನಾನು ಈ ಮಾದರಿ ಹಿಡಿದಿದ್ದು.

ದಕ್ಷಿಣ ಕಾರ್ಡಿಫ್ ಊರಿನ ಕೆಳಗೆ ಜಲ್ಲಿ ಪದರ, ಅದರ ಮೇಲೆ ಜೇಡಿ, ಅದರ ಮೇಲೆ ತುಂಬಿಸಿದ ಮಣ್ಣು. ತೊಟ್ಟಿಯ ಊರ ಕಡೆ ಹಾಗೇ ಹಾಕಿದೆ: ಜರಡಿ ಹಿಡಿದ ಜಲ್ಲಿ, ಕೆರೆಯಿಂದ ತಂದ ಜೇಡಿ, ಮೇಲೆ ಕೆಮ್ಮಣ್ಣು. ಜಲ್ಲಿ ಕೊಲ್ಲಿಗೆ ತಾಗುವ ಜಾಗದಲ್ಲಿ ಸೊಳ್ಳೆ ಜಾಲರಿ. ಮಣ್ಣಿನಲ್ಲಿ ಸಿಮೆಂಟ್ ಎರಕದ ಬೆಂಕಿಪೊಟ್ಟಣದಷ್ಟು ಮನೆ, ಅದಕ್ಕೊಂದು ನೆಲಮಾಳಿಗೆ. ಪಕ್ಕದಲ್ಲಿ ಜಲ್ಲಿವರೆಗೆ ಇಳಿದ ಜ್ಯೂಸ್ ಸ್ಟ್ರಾ, ಅದೇ ಬೋರ್‌ವೆಲ್.

ಮೊದಲು ಗೇಟು ತೆಗೆದಿಟ್ಟು ಬಕೆಟ್ ಏರಿಸಿ ಇಳಿಸಿದೆ. ಸ್ಟ್ರಾದೊಳಗಿನ ನೀರು ಏರಿತು, ಇಳಿಯಿತು. ಇಳಿತ ಬಂದಾಗಲೆಲ್ಲ ನೆಲಕ್ಕೆ ಉಸಿರಾಡಲು ಹೊತ್ತು ಸಿಗುತ್ತಿತ್ತು. ಆಮೇಲೆ ಗೇಟು ಮುಚ್ಚಿ ಕೊಲ್ಲಿ ತುಂಬಿಸಿದೆ. ನಲವತ್ತು ನಿಮಿಷದಲ್ಲಿ ಸ್ಟ್ರಾದ ನೀರು ಒಂದೂವರೆ ಸೆಂಟಿಮೀಟರ್ ಮೇಲೆ ಬಂತು, ಮತ್ತೆ ಇಳಿಯಲಿಲ್ಲ. ಸಂಜೆ ನೆಲಮಾಳಿಗೆಯ ಬೂದು ಗೋಡೆಯಲ್ಲಿ ಕೆಳಗಿನಿಂದ ಕಪ್ಪು ಗೆರೆ ಏರುತ್ತಿತ್ತು. ಬೆರಳು ಇಟ್ಟರೆ ತಣ್ಣಗೆ.

ಅಮ್ಮ ಬಟ್ಟೆ ತೆಗೆಯಲು ಬಂದವರು ಕೇಳಿದರು, "ನೀರು ಮೇಲೆ ಬಂದರೆ ಒಳ್ಳೇದೇ ಅಲ್ವಾ?" ಸಾವಿರ ಅಡಿ ಕೊರೆದರೂ ಬರೀ ಧೂಳು ಬರುವುದನ್ನು ನೋಡಿದ ಕೋಲಾರದವರು ಹಾಗೇ ಕೇಳಬೇಕು. ಅಲ್ಲಿನ ಜನಕ್ಕೆ ಇದೇ ಭಯ. ಹಳೆ ಮನೆಗಳ ನೆಲಮಾಳಿಗೆಗೆ ನೀರು ನುಗ್ಗೀತು ಅಂತ ಅವರು ಪಟ್ಟು ಹಿಡಿದರು. ಕಾರ್ಡಿಫ್ ವೆಸ್ಟ್ ಸಂಸದ ರೋಡ್ರಿ ಮಾರ್ಗನ್ ಸಂಸತ್ತಿನಲ್ಲಿ ಬ್ಯಾರೇಜ್ ಮಸೂದೆಯನ್ನು ವರ್ಷಗಟ್ಟಲೆ ವಿರೋಧಿಸಿದರು. ಕಾರ್ಡಿಫ್ ಕೊಲ್ಲಿಯ ಅಭಿವೃದ್ಧಿ ನಿಗಮ ಬಂದದ್ದು 1987ರಲ್ಲಿ, ಬ್ಯಾರೇಜ್ ಕಾಯ್ದೆ ಪಾಸಾಗಿದ್ದು 1993ರಲ್ಲಿ. ಅಷ್ಟು ತಡವಾಗಿದ್ದರಿಂದಲೇ ಮನೆಗಳ ಸರ್ವೆ, ಹಾನಿಯಾದರೆ ರಿಪೇರಿ ಕಾಯ್ದೆಯೊಳಗೇ ಬಂದವು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆ ಆಗಬಾರದು ಅಂತಲೂ ಅಂಕಿಯನ್ನೇ ಬರೆದಿಟ್ಟರು. ಅದಕ್ಕಾಗಿ ಕೆರೆ ತಳದಲ್ಲಿ ಗಾಳಿ ಪೈಪು ಹಾಸಿದ್ದಾರೆ.

ನನಗೆ ಆ ಅಂಕಿ ತುಂಬಾ ಇಷ್ಟವಾಯಿತು. ನಮ್ಮಲ್ಲಿ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಪೈಪಿನಲ್ಲಿ ಕಳಿಸುವ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು, ಜುಲೈನಲ್ಲಿ ನೊರೆ ಎದ್ದಿತು, ಆಮೇಲೆ ಹೈಕೋರ್ಟ್ ತಡೆ ಕೊಟ್ಟಿತು. ನೀರು ಬೇಕೇ ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಾವ ಮಟ್ಟಕ್ಕೆ ಶುದ್ಧ ಆಗಬೇಕು, ದಿನಾ ಅಳೆಯುವವರು ಯಾರು ಅನ್ನೋ ಜಗಳ ಪೈಪು ಬಿಡುವ ಮೊದಲೇ ಆಗಿ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಕಾರ್ಡಿಫ್‌ನಲ್ಲೂ ಎಲ್ಲ ಸರಿಹೋಗಲಿಲ್ಲ. ಕೆಸರಿನಲ್ಲಿ ಮೇಯುತ್ತಿದ್ದ ರೆಡ್‌ಶ್ಯಾಂಕ್ ಎಂಬ ಕೆಂಪು ಕಾಲಿನ ಹಕ್ಕಿಗಳು ಜಾಗ ಕಳೆದುಕೊಂಡವು. ಬದಲಿಗೆ ನ್ಯೂಪೋರ್ಟ್ ಹತ್ತಿರ ಜೌಗು ಪ್ರದೇಶ ಮಾಡಿಕೊಟ್ಟರು. ಆದರೂ ಬೇರೆ ಕಡೆ ಹೋದ ಹಕ್ಕಿಗಳು ತೂಕ ಕಳೆದುಕೊಂಡವು, ಜಾಸ್ತಿ ಸತ್ತವು. ಇದನ್ನು ಮಾದರಿಯಲ್ಲಿ ಹೇಗೆ ತೋರಿಸಬೇಕೋ ಇನ್ನೂ ಹೊಳೆದಿಲ್ಲ.

ಮುಂದಿನ ಭಾನುವಾರ ಮೀನಿನ ತೊಟ್ಟಿಯ ಗಾಳಿ ಕಲ್ಲು ತಳಕ್ಕೆ ಇಳಿಸಬೇಕು. ಮನೆ ಪಕ್ಕ ಎರಡನೇ ಸ್ಟ್ರಾ ಹಾಕಿ ಸಿರಿಂಜ್‌ನಲ್ಲಿ ನೀರು ಎಳೆದು, ಜಲ್ಲಿಯ ನೀರು ಎಷ್ಟು ಇಳಿಯುತ್ತದೆ ನೋಡಬೇಕು. ಸದ್ಯಕ್ಕೆ ತೊಟ್ಟಿ ಬರಿದು ಮಾಡಿ ಒಣಗಲು ಬಿಟ್ಟಿದ್ದೇನೆ. ಇವತ್ತು ಮಧ್ಯಾಹ್ನದ ಬಿಸಿಲಿಗೆ ಕೆಮ್ಮಣ್ಣು ಬಿರುಕು ಬಿಟ್ಟಿದೆ. ನೆಲಮಾಳಿಗೆ ಗೋಡೆಯ ಕಪ್ಪು ಗೆರೆ ಮಾತ್ರ ಇನ್ನೂ ಹೋಗಿಲ್ಲ.